ಎದುರು ವಿಂಗ್‌ನಲ್ಲೇ ನರ್ಸ್ ಇದ್ದರು, ನಮಗೆ ಗೊತ್ತೇ ಇರಲಿಲ್ಲ

ಸಂಪಾದಕರಿಗೆ ನಮಸ್ಕಾರ.

ಪತ್ರ ಉದ್ದವಾಗಿದೆ, ಗೊತ್ತು. ಜಾಗ ಸಾಲದಿದ್ದರೆ ಕತ್ತರಿಸಿ. ಆದರೆ ಹೋಟೆಲ್ ಹುಡುಗರ ಬಗ್ಗೆ ಬರೆದ ಭಾಗವನ್ನು ಮಾತ್ರ ಬಿಡಬೇಡಿ.

ನಾನು ಡೊಂಬಿವಲಿ ಪೂರ್ವದಲ್ಲಿ 22 ವರ್ಷದಿಂದ ಇದ್ದೇನೆ. ಊರು ಕುಂದಾಪುರದ ಕಡೆ. ಮಸೀದಿ ಬಂದರಿನ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ನಮ್ಮ ಸೊಸೈಟಿಯಲ್ಲಿ ಎರಡು ವಿಂಗ್, ಒಂದೇ ಕಾಂಪೌಂಡ್. ನಮ್ಮ ಪಕ್ಕದ ಮನೆಯವರನ್ನು ನಾವೆಲ್ಲ ಅಣ್ಣ ಅಂತಲೇ ಕರೆಯುತ್ತಿದ್ದೆವು. ಮೂವತ್ತು ವರ್ಷ ಹೋಟೆಲ್ ಗಲ್ಲಾದಲ್ಲಿ ಕೂತವರು, ಬೆನ್ನುನೋವು ಬಿಟ್ಟರೆ ಬೇರೆ ಕಾಯಿಲೆ ಇರಲಿಲ್ಲ. ಕಳೆದ ಮಳೆಗಾಲದ ಒಂದು ರಾತ್ರಿ ಊಟ ಮುಗಿಸಿ ಕೈ ತೊಳೆಯಲು ಹೋದವರು ಬೇಸಿನ್ ಹತ್ತಿರವೇ ಕುಸಿದುಬಿದ್ದರು. ಗಂಟೆ 10:40 ಆಗಿರಬೇಕು. ಅವರ ಹೆಂಡತಿ, ನಾವು ಅಕ್ಕ ಅನ್ನುವವರು, ಬಾಗಿಲು ಬಡಿದಾಗ ನಾನು ಟಿವಿ ಆರಿಸುತ್ತಿದ್ದೆ.

ಆಮೇಲೆ ನಾವು ಮಾಡಿದ್ದನ್ನೆಲ್ಲ ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಮುಖಕ್ಕೆ ನೀರು ಚಿಮುಕಿಸಿದೆವು. ಅಂಗಾಲು ತಿಕ್ಕಿದೆವು. ಮೇಲಿನ ಮನೆಯವರು ಈರುಳ್ಳಿ ಜಜ್ಜಿ ಮೂಗಿನ ಹತ್ತಿರ ಹಿಡಿದರು. ಯಾರೋ ಚಮಚದಲ್ಲಿ ನೀರು ಕುಡಿಸಲು ನೋಡಿದರು, ಅದು ತುಟಿಯ ಪಕ್ಕದಿಂದ ಹಾಗೇ ಹರಿದು ಬಂತು. ಅಣ್ಣ ಬಿಟ್ಟುಬಿಟ್ಟು ಗೊರಕೆ ಹೊಡೆದ ಹಾಗೆ ಸದ್ದು ಮಾಡುತ್ತಿದ್ದರು. ನಾವೆಲ್ಲ "ಉಸಿರಾಡ್ತಿದ್ದಾರೆ, ಹೆದರಬೇಡಿ" ಅಂತ ಅಕ್ಕನಿಗೆ ಧೈರ್ಯ ಹೇಳಿದೆವು.

ಅದು ಉಸಿರಾಟ ಅಲ್ಲ ಅಂತ ನನಗೆ ಗೊತ್ತಾದದ್ದು ಎರಡು ತಿಂಗಳ ನಂತರ, ಒಂದು ತರಬೇತಿಯಲ್ಲಿ. ಹೃದಯ ನಿಂತ ಮೇಲೂ ಕೆಲವು ನಿಮಿಷ ಹಾಗೆ ಎಳೆದೆಳೆದು ಸದ್ದು ಬರಬಹುದಂತೆ. ಮನುಷ್ಯ ಕರೆದರೆ ಏಳುವುದಿಲ್ಲ, ಉಸಿರು ಮಾಮೂಲಿ ಹಾಗೆ ಇಲ್ಲ ಅಂದರೆ ಆ ಕ್ಷಣವೇ ಎದೆ ಒತ್ತಲು ಶುರುಮಾಡಬೇಕು. ನಾವು ಐದು ಜನ ಗಂಡಸರು ಸುತ್ತ ನಿಂತು ಆ ಸದ್ದು ಕೇಳುತ್ತ ಸಮಾಧಾನಪಟ್ಟುಕೊಂಡಿದ್ದೆವು.

ಆಂಬುಲೆನ್ಸ್‌ಗೆ ಫೋನ್ ಆಗಿತ್ತು. ಅದು ಬಂದಾಗ 11:12. ಡ್ರೈವರನ ತಪ್ಪೇನೂ ಇಲ್ಲ, ಪಾಪ, ಮಳೆಯಲ್ಲಿ ಎರಡು ಸಲ ಪಕ್ಕದ ರಸ್ತೆಗೆ ಹೋಗಿ ತಿರುಗಿಸಿಕೊಂಡು ಬಂದ. ಸ್ಟ್ರೆಚರ್ ನಮ್ಮ ಲಿಫ್ಟಿನಲ್ಲಿ ಹಿಡಿಯಲಿಲ್ಲ. ಅಣ್ಣನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಬೆಡ್‌ಶೀಟ್‌ನಿಂದ ಕಟ್ಟಿ, ನಾಲ್ಕು ಮಹಡಿ ಇಳಿಸಿದೆವು. ಆಸ್ಪತ್ರೆಯಲ್ಲಿ ಡಾಕ್ಟರು ನೋಡಿದ್ದು ಎರಡು ನಿಮಿಷ, ಅಷ್ಟೇ.

ಇದಕ್ಕಿಂತ ಕಷ್ಟದ ಮಾತು ಮಾರನೇ ದಿನ ಕೇಳಬೇಕಾಯಿತು. ಎದುರಿನ ಬಿ ವಿಂಗ್‌ನ ಮೂರನೇ ಮಹಡಿಯಲ್ಲಿ ಒಬ್ಬರು ನರ್ಸ್ ಇದ್ದಾರೆ. ಕೇರಳದವರು, ಠಾಣೆಯ ಒಂದು ಆಸ್ಪತ್ರೆಯ ಐಸಿಯುನಲ್ಲಿ ಕೆಲಸ, ಬಾಡಿಗೆಗೆ ಬಂದು ಆಗ ವರ್ಷವಾಗಿತ್ತು. ಆ ರಾತ್ರಿ ಮನೆಯಲ್ಲೇ ಇದ್ದರು. ಬೆಳಗಿನ ಡ್ಯೂಟಿ ಇದ್ದದ್ದರಿಂದ ಬೇಗ ಮಲಗಿದ್ದರು. ಸುದ್ದಿ ತಿಳಿದು ಬಂದು ಅಕ್ಕನ ಕೈ ಹಿಡಿದುಕೊಂಡು ಕೂತರು. ಹೊರಗೆ ಬಂದಮೇಲೆ ನನ್ನನ್ನು ಹಿಂದಿಯಲ್ಲಿ ಕೇಳಿದರು, "ಅಂಕಲ್, ಒಂದು ಬೆಲ್ ಹೊಡೀಬಾರದಿತ್ತಾ?"

ನಮ್ಮ ಬಾಗಿಲಿನಿಂದ ಅವರ ಬಾಗಿಲಿಗೆ ಎಷ್ಟು ದೂರ ಅಂತ ಆಮೇಲೊಂದು ದಿನ ನಡೆದು ನೋಡಿದೆ. ಮೆಟ್ಟಿಲು ಸೇರಿ ಎರಡು ನಿಮಿಷವೂ ಬೇಡ.

ಅವರು ಬಂದಿದ್ದರೆ ಅಣ್ಣ ಬದುಕುತ್ತಿದ್ದರು ಅಂತ ನಾನು ಹೇಳುತ್ತಿಲ್ಲ. ಅವರೂ ಹಾಗೆ ಹೇಳಲಿಲ್ಲ. ಆದರೆ ಹೃದಯ ನಿಂತ ಮೇಲೆ ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತ ಹೋಗುತ್ತದೆ ಅಂತ ವೈದ್ಯರು ಹೇಳುತ್ತಾರೆ. ನಾಲ್ಕಾರು ನಿಮಿಷಕ್ಕೆ ಮೆದುಳು ಹಾಳಾಗಲು ಶುರುವಾಗುತ್ತದೆ. ನಮ್ಮದು 32 ನಿಮಿಷ. ಲೆಕ್ಕ ಬರೆಯುವವನಾಗಿ ಈ ಲೆಕ್ಕ ನನ್ನ ತಲೆಯಿಂದ ಹೋಗುತ್ತಿಲ್ಲ.

ಸೊಸೈಟಿಗೆ ವಾಟ್ಸಾಪ್ ಗ್ರೂಪ್ ಇಲ್ಲವಾ ಅಂತ ನೀವು ಕೇಳಬಹುದು. ಇದೆ, 190 ಜನರದ್ದು. ನನ್ನ ಮಗಳು 10:47ಕ್ಕೆ "ಬಿಲ್ಡಿಂಗ್‌ನಲ್ಲಿ ಡಾಕ್ಟರ್ ಯಾರಾದರೂ ಇದ್ದಾರಾ, ಅರ್ಜೆಂಟ್" ಅಂತ ಹಾಕಿದ್ದಳು. ಅದರ ಕೆಳಗೆ 10:49ಕ್ಕೆ ಒಬ್ಬರು ಗುಲಾಬಿ ಹೂವಿನ ಗುಡ್ ನೈಟ್ ಚಿತ್ರ ಹಾಕಿದ್ದರು. ಅವರು ಮೇಲಿನ ಮೆಸೇಜು ನೋಡಿರಲಿಲ್ಲ, ಅಷ್ಟೇ. ನರ್ಸ್ ಗ್ರೂಪನ್ನು ಮ್ಯೂಟ್ ಮಾಡಿದ್ದರು. ನಾನೂ ಮಾಡಿದ್ದೇನೆ. ನೀರು ಬಿಡುವ ಹೊತ್ತು, ಪಾರ್ಕಿಂಗ್ ಜಗಳ, ಹುಟ್ಟುಹಬ್ಬದ ಕೇಕು, ಇದರ ನಡುವೆ ಜೀವ ಹೋಗುವ ಸುದ್ದಿ ಯಾರ ಕಣ್ಣಿಗೆ ಬೀಳುತ್ತದೆ?

ಈ ತೊಂದರೆಗೆ ಬೇರೆ ದೇಶಗಳಲ್ಲಿ ಒಂದು ದಾರಿ ಕಂಡುಕೊಂಡಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ರಾಮೊನ್ ಅಂತ ಒಂದು ಊರು. ಅಲ್ಲಿನ ಅಗ್ನಿಶಾಮಕ ದಳದ ಮುಖ್ಯಸ್ಥರಾಗಿದ್ದ ರಿಚರ್ಡ್ ಪ್ರೈಸ್ ಒಂದು ದಿನ ಮಧ್ಯಾಹ್ನ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದರು. ಸೈರನ್ ಕೇಳಿಸಿತು. ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಕೊನೆಗೆ ಅವರ ಮುಂದೆಯೇ ನಿಂತಿತು. ಪಕ್ಕದ ಅಂಗಡಿಯಲ್ಲಿ ಒಬ್ಬರಿಗೆ ಹೃದಯ ನಿಂತಿತ್ತು. ಇವರಿಗೆ ಸಿಪಿಆರ್, ಅಂದರೆ ಎದೆ ಒತ್ತಿ ಜೀವ ಉಳಿಸಲು ನೋಡುವ ವಿಧಾನ, ಬರುತ್ತದೆ, ಇವರ ಗಾಡಿಯಲ್ಲಿ ಹೃದಯಕ್ಕೆ ಕರೆಂಟಿನ ಏಟು ಕೊಡುವ ಎಇಡಿ ಅನ್ನುವ ಯಂತ್ರವೂ ಇದೆ, ಆದರೆ ಒಂದು ಗೋಡೆಯ ಆಚೆ ಏನಾಗುತ್ತಿದೆ ಅಂತ ಇವರಿಗೆ ತಿಳಿಸುವವರೇ ಇರಲಿಲ್ಲ. ಅದರಿಂದ ಹುಟ್ಟಿದ್ದು ಪಲ್ಸ್‌ಪಾಯಿಂಟ್ ಅನ್ನುವ ಆ್ಯಪ್. ಈ ಕಥೆ ಓದಿದಾಗ ನನಗೆ ನಮ್ಮ ಬಿ ವಿಂಗ್ ನೆನಪಾಯಿತು. ಫೈರ್ ಚೀಫ್‌ಗೇ ಹಾಗಾಗಿದೆ ಅಂದಮೇಲೆ ನಾವು ಯಾವ ಲೆಕ್ಕ.

ಅದು ಕೆಲಸ ಮಾಡುವ ರೀತಿ ತುಂಬ ಸರಳ. ನೀವು ಮಾಮೂಲಿ ಹಾಗೆ ಆಂಬುಲೆನ್ಸ್ ನಂಬರಿಗೇ ಫೋನ್ ಮಾಡುತ್ತೀರಿ. ಬೇರೆ ಯಾವ ಆ್ಯಪನ್ನೂ ತೆರೆಯಬೇಕಿಲ್ಲ. ಇದು ಹೃದಯ ನಿಂತ ಕೇಸು ಅಂತ ಕಂಟ್ರೋಲ್ ರೂಮಿನವರಿಗೆ ಅನ್ನಿಸಿದರೆ ಗಾಡಿ ಕಳಿಸುವುದರ ಜೊತೆಗೆ, ಸುತ್ತಮುತ್ತ ಕೆಲವು ನೂರು ಮೀಟರಿನೊಳಗೆ ಇರುವ ತರಬೇತಿ ಪಡೆದ ಸ್ವಯಂಸೇವಕರ ಫೋನಿಗೆ ಎಚ್ಚರಿಕೆ ಹೋಗುತ್ತದೆ. ಮೆಸೇಜಿನ ಟಿಂಗ್ ಸದ್ದಲ್ಲ, ಮಲಗಿದವರು ಎದ್ದು ಕೂರುವ ಸದ್ದು. ಬರುತ್ತೇನೆ ಅಂತ ಒತ್ತಿದರೆ ಮ್ಯಾಪಿನಲ್ಲಿ ಜಾಗ ಕಾಣುತ್ತದೆ, ಹತ್ತಿರ ಎಲ್ಲಿ ಎಇಡಿ ಯಂತ್ರ ಇದೆ ಅನ್ನುವುದೂ ಕಾಣುತ್ತದೆ. ಬರಲು ಆಗದಿದ್ದರೆ ಬಿಡಬಹುದು, ಯಾರೂ ಕೇಳುವುದಿಲ್ಲ. ಸಿಂಗಾಪುರದಲ್ಲಿ ಅಲ್ಲಿನ ಸಿವಿಲ್ ಡಿಫೆನ್ಸ್‌ನವರೇ 2015ರಲ್ಲಿ ಮೈರೆಸ್ಪಾಂಡರ್ ಅಂತ ಒಂದು ಆ್ಯಪ್ ತಂದರು. ಅದು ಹೃದಯ ನಿಂತವರಿಂದ 400 ಮೀಟರ್ ಒಳಗಿನವರನ್ನು ಕರೆಯುವ ಲೆಕ್ಕದಲ್ಲಿ ಶುರುವಾಯಿತು. ನಮ್ಮ ಹಾಗೆಯೇ ಅಲ್ಲೂ ಎಲ್ಲ ಎತ್ತರದ ಬಿಲ್ಡಿಂಗುಗಳು, ಲಿಫ್ಟಿಗೆ ಕಾಯುವ ಜನ. ಬ್ರಿಟನ್ನಿನಲ್ಲಿ ಗುಡ್‌ಸ್ಯಾಮ್ ಇದೆ. ಇಸ್ರೇಲಿನಲ್ಲಿ ಯುನೈಟೆಡ್ ಹತ್ಸಾಲಾ ಅನ್ನುವ ಸಂಸ್ಥೆಯ ಸ್ವಯಂಸೇವಕರು ಅಂಗಡಿ, ಆಫೀಸು ಬಿಟ್ಟು ಬೈಕ್ ಹತ್ತಿ ಓಡುತ್ತಾರೆ.

ಫಲ ಏನು ಅಂತ ಕೇಳಿದರೆ, ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ 2012-13ರಲ್ಲಿ ಸರಿಯಾಗಿ ಪರೀಕ್ಷೆ ಮಾಡಿ ನೋಡಿದ್ದಾರೆ. ಅರ್ಧದಷ್ಟು ಕರೆಗಳಿಗೆ 500 ಮೀಟರ್ ಒಳಗಿದ್ದ ಸ್ವಯಂಸೇವಕರನ್ನು ಕರೆದರು, ಉಳಿದವಕ್ಕೆ ಕರೆಯಲಿಲ್ಲ. ಕರೆದ ಕಡೆ ಶೇ 62 ರೋಗಿಗಳಿಗೆ ಆಂಬುಲೆನ್ಸ್ ಬರುವ ಮೊದಲೇ ಯಾರಾದರೂ ಎದೆ ಒತ್ತಿದ್ದರು. ಕರೆಯದ ಕಡೆ ಶೇ 48. ಬದುಕಿ ಉಳಿದವರ ಸಂಖ್ಯೆಯಲ್ಲಿ ಮಾತ್ರ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಆ ಪರೀಕ್ಷೆಯಲ್ಲಿ ಸಿಗಲಿಲ್ಲ. ಇದನ್ನೂ ಹೇಳಿಬಿಡಬೇಕು ಅಲ್ವಾ, ಇಲ್ಲದಿದ್ದರೆ ಆ್ಯಪ್ ಒಂದು ಬಂದರೆ ಎಲ್ಲ ಸರಿಹೋಗುತ್ತದೆ ಅಂತ ಜಾಹೀರಾತು ಮಾಡಿದ ಹಾಗಾಗುತ್ತದೆ. ಆದರೆ ಇನ್ನೊಂದು ಮಾತು. ಅಲ್ಲಿ ಕರೆಯದ ಕಡೆಯೂ ಅರ್ಧದಷ್ಟು ಜನಕ್ಕೆ ಅಕ್ಕಪಕ್ಕದವರೇ ಸಿಪಿಆರ್ ಕೊಟ್ಟಿದ್ದರು. ನಮ್ಮ ಮಹಡಿಯಲ್ಲಿ ಆ ರಾತ್ರಿ ಈರುಳ್ಳಿ ಜಜ್ಜುತ್ತಿದ್ದರು.

ನಮ್ಮ ದೇಶದಲ್ಲಿ ಇಂಥದ್ದು ಆಗುವುದಿಲ್ಲ ಅನ್ನುವವರಿಗೆ ಒಂದು ವಿಷಯ. 112 ಇಂಡಿಯಾ ಆ್ಯಪಿನಲ್ಲಿ ಶೌಟ್ ಅಂತ ಒಂದು ಬಟನ್ ಕೊಟ್ಟಿದ್ದಾರೆ. ಅಪಾಯದಲ್ಲಿರುವ ಹೆಣ್ಣುಮಕ್ಕಳು ಅದನ್ನು ಒತ್ತಿದರೆ ಪೊಲೀಸರ ಜೊತೆಗೆ ಹತ್ತಿರದಲ್ಲಿರುವ ನೋಂದಾಯಿತ ಸ್ವಯಂಸೇವಕರಿಗೂ ಸುದ್ದಿ ಹೋಗುವ ಹಾಗೆ ಮಾಡಿದ್ದಾರೆ. ಅಂದರೆ ಯೋಚನೆ ಹೊಸದಲ್ಲ, ತಂತಿ ಎಳೆದಿದ್ದಾರೆ. ಅದೇ ತಂತಿಗೆ ಸಿಪಿಆರ್ ಬಲ್ಲವರನ್ನೂ ಸೇರಿಸಿ, 108ಕ್ಕೂ ಜೋಡಿಸಿ ಅಂತ ಕೇಳುತ್ತಿದ್ದೇನೆ. ಮಹಾರಾಷ್ಟ್ರದಲ್ಲಿ 108 ಸೇವೆ 2014ರಲ್ಲಿ ಶುರುವಾದಾಗ ಇಡೀ ರಾಜ್ಯಕ್ಕೆ 937 ಗಾಡಿ. 2011ರ ಜನಗಣತಿಯಲ್ಲಿ ರಾಜ್ಯದ ಜನ 11 ಕೋಟಿ 24 ಲಕ್ಷ. ಭಾಗಿಸಿದರೆ 1 ಲಕ್ಷ 20 ಸಾವಿರ ಜನಕ್ಕೆ ಒಂದು ಗಾಡಿ. ಅದು ಎಷ್ಟೇ ಓಡಿದರೂ, ಸಂಜೆ ಏಳು ಗಂಟೆಗೆ ಕಲ್ಯಾಣ-ಶಿಳ್ ರಸ್ತೆಯಲ್ಲಿ ಎಷ್ಟೇ ಹಾರ್ನ್ ಹೊಡೆದರೂ, ಐದು ನಿಮಿಷದಲ್ಲಿ ಎಲ್ಲರ ಮನೆಗೆ ಬರುವುದು ಸಾಧ್ಯವೇ ಇಲ್ಲ. ಗಾಡಿ ಜಾಸ್ತಿ ಮಾಡಬೇಕು, ಸರಿ. 2017ರಲ್ಲಿ ಮುಂಬಯಿಗೆ ಬೈಕ್ ಆಂಬುಲೆನ್ಸ್ ತಂದದ್ದೂ ಒಳ್ಳೆಯದೇ. ಆದರೆ ಮೊದಲ ಐದು ನಿಮಿಷ ಯಾವತ್ತೂ ಪಕ್ಕದ ಮನೆಯವರದ್ದೇ.

ಈಗ ಹೋಟೆಲ್ ಹುಡುಗರ ವಿಷಯ.

ಮುಂಬಯಿಯ ಯಾವ ಸ್ಟೇಷನ್ನಿನಲ್ಲಿ ಇಳಿದರೂ ಐದು ನಿಮಿಷ ನಡೆಯುವಷ್ಟರಲ್ಲಿ ನಮ್ಮವರ ಒಂದು ಹೋಟೆಲ್ ಸಿಗುತ್ತದೆ. ಬೆಳಗ್ಗೆ ಆರಕ್ಕೆ ಬಾಗಿಲು ತೆಗೆದರೆ ರಾತ್ರಿ ಹನ್ನೊಂದೂವರೆಗೆ ಹಾಕುವುದು. ಅದಾದ ಮೇಲೂ ಎಂಟು ಹತ್ತು ಹುಡುಗರು ಅಲ್ಲೇ ಮಾಳಿಗೆಯಲ್ಲೋ ಹಿಂದಿನ ಖೋಲಿಯಲ್ಲೋ ಮಲಗುತ್ತಾರೆ. ಎಲ್ಲ ಗಟ್ಟಿಮುಟ್ಟಾದ ಹುಡುಗರು, ದಿನಕ್ಕೆ ನೂರು ಸಲ ಓಡಾಡುವವರು. ಯಾವ ಗಲ್ಲಿ ಎಲ್ಲಿಗೆ ಸೇರುತ್ತದೆ, ಯಾವ ಬಿಲ್ಡಿಂಗಿನ ಲಿಫ್ಟ್ ಕೆಟ್ಟಿದೆ, ಯಾವ ಗೇಟಿನಲ್ಲಿ ನಾಯಿ ಇದೆ ಎಲ್ಲ ಅವರಿಗೆ ಗೊತ್ತು, ಯಾಕೆಂದರೆ ಪಾರ್ಸೆಲ್ ಕೊಡಲು ಅಲ್ಲಿಗೇ ಹೋಗುತ್ತಿರುತ್ತಾರೆ. ಆಂಬುಲೆನ್ಸ್ ಡ್ರೈವರಿಗೆ ಸಿಗದ ಮನೆ ಅವರಿಗೆ ಕತ್ತಲಲ್ಲೂ ಸಿಗುತ್ತದೆ. ಜನಕ್ಕೂ ಅವರ ಮುಖ ಪರಿಚಯ. ರಾತ್ರಿ ಹನ್ನೊಂದಕ್ಕೆ ಗೊತ್ತಿಲ್ಲದ ಯಾರೋ ಬಾಗಿಲು ಬಡಿದರೆ ನಾವು ತೆಗೆಯುವುದಿಲ್ಲ, ಆದರೆ ದಿನಾ ಇಡ್ಲಿ ತಂದುಕೊಡುವ ಹುಡುಗ ಬಂದರೆ ತೆಗೆಯುತ್ತೇವೆ.

ಇವರಿಗೆ ಸಿಪಿಆರ್ ಕಲಿಸಬೇಕು. ಅದಕ್ಕೆ ಓದು ಬೇಕಿಲ್ಲ. ನಮ್ಮ ದೇಶದ ಅರಿವಳಿಕೆ ತಜ್ಞರು ಜನಸಾಮಾನ್ಯರಿಗೆಂದೇ ಬಾಯಿಗೆ ಬಾಯಿಟ್ಟು ಊದುವುದನ್ನು ಬಿಟ್ಟು, ಬರೀ ಎದೆ ಒತ್ತುವ ಸುಲಭದ ವಿಧಾನ ಮಾಡಿಟ್ಟಿದ್ದಾರೆ. ಎದೆಯ ನಡುವೆ ಅಂಗೈಯ ಬುಡ ಇಟ್ಟು, ಮೊಣಕೈ ಮಡಚದೆ, 5 ಸೆಂಟಿಮೀಟರ್ ಕೆಳಗೆ ಹೋಗುವ ಹಾಗೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಪ್ರತಿ ಸಲ ಒತ್ತಿದ ಮೇಲೆ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. ನಾನು ತರಬೇತಿಯಲ್ಲಿ ಬೊಂಬೆಯ ಮೇಲೆ ಮಾಡಿದಾಗ ಮೊದಲ ಅರ್ಧ ನಿಮಿಷ ಇಷ್ಟೇನಾ ಅನ್ನಿಸಿತು. ಒಂದೂವರೆ ನಿಮಿಷಕ್ಕೆ ಬೆವರು ಕಣ್ಣಿಗೆ ಇಳಿಯಿತು, ಕೈ ನಡುಗತೊಡಗಿತು. ಸರಿಯಾಗಿ ಒತ್ತಿದರೆ ಬೊಂಬೆ ಟಕ್ ಅನ್ನುತ್ತದೆ, ನನ್ನದು ಟಕ್ ಅನ್ನುವುದು ನಿಂತೇ ಹೋಯಿತು. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು ಅಂತ ಹೇಳುವುದು ಇದಕ್ಕೇ. ಒಬ್ಬರು ಸಾಲದು. ಹೋಟೆಲಿನಿಂದ ಇಬ್ಬರು ಬಂದರೆ ಆ ತೊಂದರೆಯೂ ಇಲ್ಲ. ದೋಸೆ ಹಿಟ್ಟಿನ ಡಬ್ಬ ಎತ್ತುವ ಕೈಗಳು ನನ್ನ ಕೈಗಿಂತ ಚೆನ್ನಾಗಿ ಒತ್ತುತ್ತವೆ.

ಕಲಿಸುವವರು ಯಾರು? ನಮ್ಮಲ್ಲಿ ಸಂಘಗಳಿಗೇನು ಬರ. ಮಾಟುಂಗದ ಮೈಸೂರು ಅಸೋಸಿಯೇಷನ್ನಿನಿಂದ ಹಿಡಿದು ಬಂಟರ ಸಂಘ, ಬಿಲ್ಲವರ ಅಸೋಸಿಯೇಷನ್, ಮೊಗವೀರರದ್ದು, ಊರೂರಿನ ಕರ್ನಾಟಕ ಸಂಘಗಳವರೆಗೆ ಎಲ್ಲರಿಗೂ ಹಾಲ್ ಇದೆ ಇಲ್ಲವೇ ಹಾಲ್ ಸಿಗುತ್ತದೆ, ಎಲ್ಲರಲ್ಲೂ ಡಾಕ್ಟರು, ನರ್ಸುಗಳು ಸದಸ್ಯರಿದ್ದಾರೆ. ರಕ್ತದಾನ ಶಿಬಿರ ಮಾಡುವುದರಲ್ಲಿ ನಮ್ಮನ್ನು ಮೀರಿಸಿದವರಿಲ್ಲ. ಹಾಗೆಯೇ ಇದನ್ನೂ ಮಾಡಬಹುದು. ವಾರ್ಷಿಕೋತ್ಸವದಲ್ಲಿ ಶಾಲು, ಹಾರ, ಸ್ಮರಣಿಕೆಗೆ ಒಂದೂವರೆ ಗಂಟೆ ಹೋಗುತ್ತದೆ (ನನಗೂ ಒಮ್ಮೆ ಶಾಲು ಹೊದಿಸಿದ್ದಾರೆ, ಆದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ). ಅದರಲ್ಲಿ ಅರ್ಧ ಗಂಟೆ ಕಳೆದು ವೇದಿಕೆಯ ಮೇಲೆ ನಾಲ್ಕು ಬೊಂಬೆ ಮಲಗಿಸಿ, ಸಭೆಯಲ್ಲಿ ಕೂತವರನ್ನು ಒಬ್ಬೊಬ್ಬರನ್ನಾಗಿ ಕರೆದು ಒತ್ತಿಸಿ. ಯಕ್ಷಗಾನ ಇದ್ದ ದಿನ ಮಾಡಿದರೆ ಇನ್ನೂ ಒಳ್ಳೆಯದು, ಹುಡುಗರೆಲ್ಲ ಅವತ್ತು ರಜೆ ಹಾಕಿಯಾದರೂ ಬರುತ್ತಾರೆ.

ಕಲಿತವರ ಹೆಸರು, ಜಾಗ, ಫೋನ್ ಬರೆದಿಡಿ. ನಾಳೆ ಸರಕಾರದ ಆ್ಯಪ್ ಬಂದರೆ ಆ ಪಟ್ಟಿಯನ್ನು ಹಾಗೇ ಕೊಡಬಹುದು. ಸಂಘದವರೇ ಒಂದು ಆ್ಯಪ್ ಮಾಡಿಸಿಬಿಡೋಣ ಅಂತ ಮಾತ್ರ ಹೊರಡಬೇಡಿ, ಕೈಮುಗಿದು ಕೇಳುತ್ತೇನೆ. ಬಿಡುಗಡೆ ಸಮಾರಂಭದ ಫೋಟೋ ನಿಮ್ಮ ಪತ್ರಿಕೆಯಲ್ಲಿ ಬರುತ್ತದೆ, ಆರು ತಿಂಗಳಿಗೆ ಅದನ್ನು ನೋಡಿಕೊಳ್ಳುವವರು ಇರುವುದಿಲ್ಲ. ಗಂಡ ನೆಲದ ಮೇಲೆ ಬಿದ್ದಿರುವಾಗ ಯಾವ ಆ್ಯಪ್ ತೆಗೆಯಲಿ ಅಂತ ಯೋಚಿಸುವ ಸ್ಥಿತಿಯಲ್ಲಿ ಅಕ್ಕ ಇರಲಿಲ್ಲ. ಫೋನು ಒಂದೇ ನಂಬರಿಗೆ ಹೋಗಬೇಕು, ಉಳಿದದ್ದನ್ನು ಕಂಟ್ರೋಲ್ ರೂಮ್ ನೋಡಿಕೊಳ್ಳಬೇಕು. ಅದಕ್ಕೇ ಇದು 108 ಮತ್ತು 112 ನಡೆಸುವವರೇ ಮಾಡಬೇಕಾದ ಕೆಲಸ. ಹೆಸರು ಕೊಟ್ಟವರ ಗುರುತು, ತರಬೇತಿ ಎಲ್ಲ ಅವರೇ ಪರೀಕ್ಷೆ ಮಾಡಬೇಕು. ಯಾರೋ ಸುಮ್ನೆ ಹೆಸರು ಬರೆಸಿ ಮನೆಯೊಳಗೆ ನುಗ್ಗುವಂತಾಗಬಾರದು. ಇನ್ನೊಂದು, ಎಚ್ಚರಿಕೆಯ ಸುದ್ದಿ ಕನ್ನಡ, ಮರಾಠಿ, ಹಿಂದಿಯಲ್ಲಿ ಬರಬೇಕು. ಇಂಗ್ಲಿಷಿನಲ್ಲಿ ಬಂದರೆ ನಮ್ಮ ಹುಡುಗರು ಬ್ಯಾಂಕಿನ ಮೆಸೇಜು ಅಂದುಕೊಂಡು ಅಳಿಸಿಹಾಕುತ್ತಾರೆ.

ಕಾನೂನಿನ ಭಯ ಒಂದಿದೆ. ಎದೆ ಒತ್ತುವಾಗ ಪಕ್ಕೆಲುಬು ಮುರಿಯಬಹುದು, ವಯಸ್ಸಾದವರಿಗೆ ಮುರಿಯುವುದು ಸಾಮಾನ್ಯ. ಆಮೇಲೆ ಮನೆಯವರು ಕೇಸು ಹಾಕಿದರೆ? ರಸ್ತೆ ಅಪಘಾತದಲ್ಲಿ ಸಹಾಯ ಮಾಡಿದವರಿಗೆ ರಕ್ಷಣೆ ಇದೆ. ಸುಪ್ರೀಂ ಕೋರ್ಟ್ 2016ರಲ್ಲಿ ಅದಕ್ಕೆ ಬಲ ಕೊಟ್ಟಿತು, 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿತು. ಆದರೆ ಆ ಕಲಮು ಹೇಳುವುದು ವಾಹನ ಅಪಘಾತದ ಬಗ್ಗೆ. ಬೇಸಿನ್ ಹತ್ತಿರ ಕುಸಿದ ಅಣ್ಣ ಅದರಲ್ಲಿ ಬರುವುದಿಲ್ಲ. ಹೋಟೆಲ್ ಹುಡುಗನೊಬ್ಬ ಒಳ್ಳೆಯದು ಮಾಡಲು ಹೋಗಿ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತುವ ಹಾಗಾದರೆ ಮುಂದಿನ ಸಲ ಯಾವ ಮಾಲೀಕನೂ ಕಳಿಸುವುದಿಲ್ಲ. ಆ ರಕ್ಷಣೆಯನ್ನು ಮನೆ, ಆಫೀಸು, ಸ್ಟೇಷನ್ನು ಎಲ್ಲ ಕಡೆಗೂ ಸ್ಪಷ್ಟವಾಗಿ ಬರೆಯಬೇಕು. ನಮ್ಮ ಕಡೆಯ ಶಾಸಕರು ಎಲ್ಲ ಸಂಘಗಳ ವೇದಿಕೆಗೂ ಬರುತ್ತಾರಲ್ಲ, ಮುಂದಿನ ಸಲ ಬಂದಾಗ ಮನವಿ ಪತ್ರದಲ್ಲಿ ಇದೂ ಒಂದು ಸಾಲು ಇರಲಿ.

ಎಇಡಿ ಯಂತ್ರದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಲಕ್ಷ ರೂಪಾಯಿಯ ಆಸುಪಾಸು ಬೆಲೆ, ಸೊಸೈಟಿಯವರು ಲಾಬಿಗೆ ಗ್ರಾನೈಟ್ ಹಾಕಿಸುವ ಖರ್ಚಿಗಿಂತ ಕಮ್ಮಿ. ಅದು ತಾನೇ ಮಾತಾಡಿ ಏನು ಮಾಡಬೇಕು ಅಂತ ಹೇಳುತ್ತದೆ, ಬೇಡದವರಿಗೆ ಏಟು ಕೊಡುವುದಿಲ್ಲ. ತಂದಿಟ್ಟರೆ ಮಾತ್ರ ಸೆಕ್ರೆಟರಿಯ ಕಪಾಟಿನಲ್ಲಿ ಬೀಗ ಹಾಕಿ ಇಡಬೇಡಿ.

ಪುನೀತ್ ರಾಜ್‌ಕುಮಾರ್ 2021ರಲ್ಲಿ ಹೋದಾಗ ನಮ್ಮ ಬಿಲ್ಡಿಂಗಿನಲ್ಲಿ ಎಷ್ಟೋ ಜನ ಇಸಿಜಿ ಮಾಡಿಸಿಕೊಂಡು ಬಂದರು. ಕರ್ನಾಟಕದಲ್ಲಿ ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆಯೂ ಬಂತು. ಇಲ್ಲಿ ನಾವು ಇಸಿಜಿ ಕಾಗದವನ್ನು ಫೈಲಿನಲ್ಲಿಟ್ಟು ಮರೆತೆವು. ಎದೆ ಒತ್ತಲು ಮಾತ್ರ ಯಾರೂ ಕಲಿಯಲಿಲ್ಲ.

ಅಣ್ಣ ಹೋದ ಮೇಲೆ ನಮ್ಮ ಸೊಸೈಟಿಯಲ್ಲಿ ಏನಾಗಿದೆ ಅಂತ ಹೇಳಿ ಮುಗಿಸುತ್ತೇನೆ. ಬಿ ವಿಂಗ್‌ನ ನರ್ಸ್ ಒಂದು ಭಾನುವಾರ ಹನ್ನೊಂದು ಜನಕ್ಕೆ ಕಲಿಸಿದರು, ಅದರಲ್ಲಿ ಇಬ್ಬರು ವಾಚ್‌ಮನ್‌ಗಳು. ಏಳು ಜನರ ಹೆಸರು, ಮನೆ ನಂಬರು ಬರೆದು ಲಿಫ್ಟ್ ಪಕ್ಕ ಅಂಟಿಸಿದ್ದೇವೆ. ಏನಾದರೂ ಆದರೆ ಮೊದಲು 108, ಕೂಡಲೇ ವಾಚ್‌ಮನ್‌ಗೆ ಇಂಟರ್‌ಕಾಮ್, ಅವನು ಏಳೂ ಮನೆಗೆ ಬೆಲ್ ಹೊಡೆಯುತ್ತಾನೆ. ಆ್ಯಪ್ ಇಲ್ಲದ ಆ್ಯಪ್ ಅಂತ ಮಗಳು ನಗುತ್ತಾಳೆ. ಮೊನ್ನೆ ಹೇಳದೆ ಒಂದು ರಾತ್ರಿ ಪರೀಕ್ಷೆ ಮಾಡಿ ನೋಡಿದೆವು. ನರ್ಸ್ ನಮ್ಮ ಮನೆ ಬಾಗಿಲಿಗೆ ಬರಲು ಆರು ನಿಮಿಷ ಹಿಡಿಯಿತು. ನಾಲ್ಕು ನಿಮಿಷ ಹೋದದ್ದು ಬಿ ವಿಂಗ್‌ನ ಗೇಟಿನ ಹತ್ತಿರ. ರಾತ್ರಿ ಹನ್ನೊಂದಕ್ಕೆ ಅದಕ್ಕೆ ಬೀಗ ಹಾಕುತ್ತಾರೆ, ಕೀಲಿ ಸೆಕ್ರೆಟರಿ ಮನೆಯಲ್ಲಿ, ಸೆಕ್ರೆಟರಿ ಊರಿಗೆ ಹೋಗಿದ್ದರು. ಆ ಕೀಲಿ ಇನ್ನು ಮುಂದೆ ಯಾರ ಹತ್ತಿರ ಇರಬೇಕು ಅನ್ನುವುದು ಬರುವ ಭಾನುವಾರದ ಮೀಟಿಂಗಿನ ವಿಷಯ.

ಇಂತಿ,
ನಿಮ್ಮ ಓದುಗ,
ಡೊಂಬಿವಲಿ ಪೂರ್ವ